ಮೂರನೆಯ ಶೀಸೆ

ಜಾಬರ್ ಕಾಕಾ ಕಿವುಡರಲ್ಲ. ಆದರೆ ಇಪ್ಪತ್ತೈದು ವರ್ಷ ಇಚಲಕರಂಜಿಯ ಪವರ್‌ಲೂಮುಗಳ ಗದ್ದಲದಲ್ಲಿ ಕಳೆದವರು, ಹಾಗಾಗಿ ಮಗ್ಗುಲಲ್ಲಿ ಕೂತವನ ಜೊತೆಗೂ ಊರಾಚೆಯವನನ್ನು ಕರೆಯುವ ಹಾಗೆ ಒದರಿಯೇ ಮಾತಾಡುತ್ತಿದ್ದರು. ಒದರಲಾಗದ ಮಾತಿದ್ದರೆ ಬಾಯಿ ಮುಚ್ಚಿ ಕೈಯಿಂದ ಹೇಳುತ್ತಿದ್ದರು. ಮಗ್ಗದ ಶೆಡ್ಡಿನಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲವಾದ್ದರಿಂದ ಅಲ್ಲಿಯವರಿಗೆಲ್ಲ ಒಂದು ಕೈಭಾಷೆಯೇ ಇತ್ತು. ಎರಡು ಬೆರಳು ಹೊಸೆದರೆ ಎಳೆ ಹರಿದಿದೆ ಎಂದರ್ಥ. ಮುಷ್ಟಿ ಎತ್ತಿದರೆ ಮಾಲಕ ಬಂದ. ಅಂಗೈಯನ್ನು ನೆಲದ ಕಡೆಗೆ ಮಾಡಿ ಗಾಳಿಯನ್ನು ಮೆಲ್ಲಗೆ ಒತ್ತಿದರೆ ಮಗ್ಗ ನಿಲ್ಲಿಸು. ಕಾಕಾ ಇದನ್ನು ಮನೆಗೂ ತಂದಿದ್ದರು. ಮಗಳು ಇನ್ನೊಂದು ಜೋಳದ ಭಕ್ರಿ ನೀಡಲು ಬಂದರೆ ತುಂಬಿದ ಬಾಯಿ ತೆರೆಯದೆ ತಟ್ಟೆಯ ಮೇಲೆ ಗಾಳಿ ಒತ್ತುತ್ತಿದ್ದರು. ಅಪ್ಪನ ಒದರಾಟ ಹೆಚ್ಚಾದಾಗ ಮಗಳೂ ಒಲೆಯ ಮುಂದೆ ಕೂತೇ ಅದೇ ಕೈ ಮಾಡುತ್ತಿದ್ದಳು.

ಹೋದ ತಿಂಗಳು ಗಡಹಿಂಗ್ಲಜದಲ್ಲಿ ಅವರ ಮಣ್ಣಿಗೆ ಹೋಗಿ ಬಂದೆ. ಬಂದಾಗಿನಿಂದ ಅವರ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಕೂರುತ್ತೇನೆ, ಏಳುತ್ತೇನೆ. ಬರೆಯುವ ಹಕ್ಕು ನನಗೆಷ್ಟಿದೆಯೋ ತಿಳಿಯದು. ಬರೆಯಲೇಬೇಕಾಗಿದ್ದ ಒಂದೇ ಒಂದು ಸಾಲನ್ನು ಬರೆಯದೆ ಬಿಟ್ಟು ಆ ಮನುಷ್ಯನ ಬಾಳು ಕೆಡಿಸಿದವನು ನಾನು.

ಬಿ.ಎಸ್ಸಿ. ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಇಚಲಕರಂಜಿಯ ಒಂದು ನೂಲಿನ ಬಣ್ಣದ ಕಾರ್ಖಾನೆಯಲ್ಲಿ. ಚಾಳಿನಲ್ಲಿ ಒಂದು ಖೋಲಿ ಹಿಡಿದಿದ್ದೆ. ಪಕ್ಕದ ಖೋಲಿ ಕಾಕಾನದು. ಮೂಲ ಗಡಹಿಂಗ್ಲಜದ ಹತ್ತಿರದ ಹಲಕರ್ಣಿಯ ಕಡೆಯವರು, ಹಣೆಗೆ ಮೂರು ಬೆರಳಿನ ವಿಭೂತಿ, ಕಿವಿಯ ಹಿಂದೆ ಸದಾ ಎಳೆ ಎಳೆಯುವ ಸಣ್ಣ ಹುಕ್ಕು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಇದ್ದವಳು ಒಬ್ಬಳೇ ಮಗಳು. ನಾನು ಗಡಹಿಂಗ್ಲಜದವನು, ಮನೆಯಲ್ಲಿ ಕನ್ನಡ ಮಾತಾಡುವವನು ಎಂದು ತಿಳಿದದ್ದೇ ತಡ, ರವಿವಾರದ ಊಟ ಅವರಲ್ಲೇ ಎಂದು ಕಾಕಾ ಹುಕುಂ ಹೊರಡಿಸಿದರು. ಎರಡು ವರ್ಷ ಉಂಡೆ. ಬಿಸಿ ಭಕ್ರಿ, ಕಡಲೆಹಿಟ್ಟಿನ ಝುಣಕಾ, ಕಣ್ಣಲ್ಲಿ ನೀರು ತರಿಸುವ ಹಸಿಮೆಣಸಿನಕಾಯಿಯ ಖಾರ.

"ಬಿಎಸ್ಸಿ ಅಂದ್ರ ಏನ್ ಕಲಸ್ತಾರೋ ತಮ್ಮಾ?" ಎಂದು ಮೊದಲ ರವಿವಾರವೇ ಕೇಳಿದ್ದರು.

"ಇದರಾಗ ಅದನ್ನ ಹಾಕಿದ್ರ ಯಾವ ಬಣ್ಣ ಬರತೈತಿ ಅಂತ ನೋಡೂದ್ರಿ ಕಾಕಾ," ಎಂದೆ.

"ಇಷ್ಟಕ್ಕ ನಾಕ ವರ್ಷಾ ಬೇಕಾತು?" ಎಂದು ಚಾಳೆಲ್ಲ ಕೇಳುವಂತೆ ನಕ್ಕರು. ಅಂದಿನಿಂದ ನನ್ನ ಹೆಸರು 'ಬಣ್ಣದ ಸಾಹೇಬ' ಎಂದಾಯಿತು.

ಜಾಬರ್ ಎಂದರೆ ಶೆಡ್ಡಿನ ಮಗ್ಗಗಳನ್ನು ಸರಿಪಡಿಸುವವನು, ಮಾಲಕನಿಗೆ ಕೆಳಗೆ, ನೇಕಾರರಿಗೆ ಮೇಲೆ. ಒಮ್ಮೆ ಅವರ ಶೆಡ್ಡಿನಲ್ಲಿ ಒಂದು ಮಗ್ಗ ಅರಿವೆಯನ್ನು ಸೊಟ್ಟ ನೇಯತೊಡಗಿತು. ಮಾಲಕ ಮುಂಬಯಿಯಿಂದ ಮಿಸ್ತ್ರಿಯನ್ನು ಕರೆಸಿದ. ಅವನು ಎರಡು ದಿನ ಎಲ್ಲ ಬಿಚ್ಚಿ, ಎಲ್ಲ ಜೋಡಿಸಿದ. ಮತ್ತೆ ಸೊಟ್ಟ. ಆಗ ಕಾಕಾ ಕಣ್ಣು ಮುಚ್ಚಿ ಮಗ್ಗದ ಚೌಕಟ್ಟಿನ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಂತರಂತೆ. "ಮಗ್ಗಕ್ಕ ಏನೂ ಆಗಿಲ್ಲ. ಕೆಳಗ ನೆಲಾ ಕುಂತೈತಿ," ಎಂದು ಒಂದು ಕಾಲಿನಡಿ ತಗಡಿನ ತುಂಡು ಮಡಚಿ ತುರುಕಿದರು. ಮಗ್ಗ ನೆಟ್ಟಗಾಯಿತು. ಈ ಕಥೆಯನ್ನು ನನಗೆ ಹತ್ತು ಸಲವಾದರೂ ಹೇಳಿದ್ದಾರೆ, ಪ್ರತಿ ಸಲವೂ ಕೊನೆಗೆ ಇದೇ ಮಾತು: "ಮಗ್ಗ ಎಂದೂ ಸುಳ್ಳ ಹೇಳಂಗಿಲ್ಲ ತಮ್ಮಾ. ನಾವ ತಪ್ಪ ಕೇಳಿರ್ತೀವಿ."

ಬೆಳಿಗ್ಗೆ ನಾನು ಹಲ್ಲುಜ್ಜಲು ಹೊರಬಂದಾಗ ಅವರು ಹೊಸ್ತಿಲ ಮೇಲೆ ಕೂತಿರುತ್ತಿದ್ದರು. ಎರಡೂ ಕೈ ಮೊಣಕಾಲಿಗೆ ಊರಿ, ಹೆಗಲು ಎತ್ತಿ, ಬಾಯಿ ಅರ್ಧ ತೆರೆದು. ಅದೊಂದು ಹೊತ್ತು ಮಾತ್ರ ಅವರು ಒದರುತ್ತಿರಲಿಲ್ಲ. "ಏನ್ರಿ ಕಾಕಾ?" ಎಂದರೆ, "ಹತ್ತಿ ಧೂಳಾ... ಹೊರಗ ಹಾಕಾಕತ್ತೇನಿ," ಎನ್ನುತ್ತಿದ್ದರು. ಆ ಓಣಿಯಲ್ಲಿ ಕೆಮ್ಮದವನು ಯಾರಿದ್ದ? ಅವರು ಒಳಗೆ ಹೋಗಿ, ಮಗಳಿಗೆ ಬೆನ್ನು ಮಾಡಿ ಏನೋ ಬಾಯಿಗೆ ಹಾಕಿಕೊಂಡು ನೀರು ಕುಡಿಯುವರು. ಅರ್ಧ ಗಂಟೆಯಲ್ಲಿ ಮತ್ತೆ ಅದೇ ಗಂಟಲು, ಅದೇ ಅಬ್ಬರ. ಬೆರಳು ಮಾತ್ರ ಕೊಂಚ ನಡುಗುತ್ತಿದ್ದವು. ಇದನ್ನೆಲ್ಲ ನಾನು ಕಣ್ಣಾರೆ ನೋಡಿದ್ದೇನೆ. ನೋಡಿಯೂ ಏನೂ ಯೋಚಿಸಲಿಲ್ಲ.

ಆಮೇಲೆ ನನಗೆ ಕೊಲ್ಹಾಪುರದಲ್ಲಿ ಒಂದು ಖಾಸಗಿ ಪ್ರಯೋಗಶಾಲೆಯಲ್ಲಿ ಕೆಲಸವಾಯಿತು. ಅಲ್ಲಿಯ ಹಿರಿಯರು ಒಬ್ಬ ಮರಾಠಿ ಸಾಹೇಬರು, ಮಾತು ಕಡಿಮೆ, ಎಚ್ಚರ ಹೆಚ್ಚು. ನಮಗೆ ಬರುತ್ತಿದ್ದದ್ದು ಮೂತ್ರದಲ್ಲಿ ಸಕ್ಕರೆ ಇದೆಯೇ, ಹಾಲಿನಲ್ಲಿ ನೀರು ಎಷ್ಟು ಎಂಬಂಥ ಕೆಲಸ. ನನಗೆ ಅದು ಸಾಲದು. ಮುಂಬಯಿಗೆ ಹೋಗಿ ಕೆಲವು ವಾರ ಇದ್ದು ಒಂದು ಹೊಸ ಪರೀಕ್ಷೆ ಕಲಿತು ಬಂದೆ. ಹಸಿವು ಕೊಲ್ಲುವ ಗುಳಿಗೆಯನ್ನು ಮೂತ್ರದಲ್ಲಿ ಕಂಡುಹಿಡಿಯುವ ಪರೀಕ್ಷೆ.

ಆ ಗುಳಿಗೆಗಳು ಆಗ ಹೊಸದಾಗಿ ಬಂದಿದ್ದವು. ಶ್ರೀಮಂತರ ಮನೆಯ ದಪ್ಪ ಹೆಂಗಸರು ಸಣ್ಣಗಾಗಲೆಂದು ಡಾಕ್ಟರರು ಬರೆದುಕೊಡುತ್ತಿದ್ದರು. ತಿಂದರೆ ಹಸಿವು ಸಾಯುತ್ತದೆ, ಅದರ ಜೊತೆಗೆ ನಿದ್ದೆಯೂ. ಈ ಎರಡನೆಯ ಗುಣ ಇಚಲಕರಂಜಿಗೆ ಬೇಗ ಗೊತ್ತಾಯಿತು. ಒಂದು ಪಾಳಿ ಮುಗಿಸಿ ಅಲ್ಲೇ ಇನ್ನೊಂದು ಪಾಳಿಗೆ ನಿಲ್ಲುವ ನೇಕಾರರು ಅದನ್ನು ತಿನ್ನತೊಡಗಿದರು. ಅದಕ್ಕೆ ಅವರಿಟ್ಟ ಹೆಸರು 'ಉಪಾಸ ಗುಳಿಗಿ'.

ಕಾಕಾನ ಶೆಡ್ಡಿನಲ್ಲಿ ಹೀಗೆ ಎರಡು ಪಾಳಿ ನಿಂತ ಒಬ್ಬ ನೇಕಾರನ ಬಲಗೈ ಚಕ್ರದ ಹಲ್ಲಿಗೆ ಸಿಕ್ಕು ಎರಡು ಬೆರಳು ಹೋದವು. ಅವನ ಕಿಸೆಯಲ್ಲಿ ಉಪಾಸ ಗುಳಿಗೆ ಸಿಕ್ಕವು. ಹಂಚಿದವನು ಯಾರು ಎಂದು ಮಾಲಕ ಹುಡುಕಲು ಹೊರಟ. ಶೆಡ್ಡಿನಲ್ಲಿ ಇನ್ನು ಯಾರು ತಿನ್ನುತ್ತಾರೋ ಅವರೇ ಹಂಚಿದವರು ಎಂಬುದು ಅವನ ಲೆಕ್ಕ. ನಮ್ಮ ಪ್ರಯೋಗಶಾಲೆಗೆ ಬಂದು, ಇದನ್ನು ಪತ್ತೆ ಹಚ್ಚಲು ಆಗುತ್ತದೆಯೇ ಎಂದು ಕೇಳಿದ. ಸಾಹೇಬರು ಉತ್ತರ ಕೊಡುವ ಮೊದಲೇ ನಾನು "ಆಗತೈತ್ರಿ" ಎಂದುಬಿಟ್ಟೆ.

ಶೆಡ್ಡಿನವರ ಮೂತ್ರದ ನಾಲ್ಕು ಶೀಸೆ ಬಂದವು, ಹೆಸರಿಲ್ಲ, ಬರೀ ನಂಬರು. ಮೂತ್ರಕ್ಕೆ ಕ್ಷಾರ ಸೇರಿಸಿ, ಬೆಂಜೀನಿನೊಡನೆ ಕುಲುಕಿ, ಮೇಲೆ ನಿಂತ ಬೆಂಜೀನನ್ನು ತೆಗೆದು ಅದಕ್ಕೆ ಕಿತ್ತಳೆ ಬಣ್ಣದ ಒಂದು ದ್ರಾವಣ ಬೆರೆಸಬೇಕು. ಗುಳಿಗೆ ತಿಂದವನ ಶೀಸೆಯಾದರೆ ಬೆಂಜೀನು ಹಳದಿಯಾಗುತ್ತದೆ, ಇಲ್ಲವಾದರೆ ತಿಳಿಯಾಗಿಯೇ ಉಳಿಯುತ್ತದೆ. ಒಂದನೆಯದು ಹಳದಿಯಾಯಿತು. ಎರಡು ತಿಳಿ. ಮೂರು ಹಳದಿ. ನಾಲ್ಕು ತಿಳಿ. ನನಗಾದ ಖುಷಿ ಏನು ಹೇಳಲಿ! ಇಡೀ ಕೊಲ್ಹಾಪುರದಲ್ಲಿ ಇದನ್ನು ಮಾಡಬಲ್ಲವನು ನಾನೊಬ್ಬನೇ ಎಂದು ಎದೆ ಉಬ್ಬಿತು.

ಸಾಹೇಬರು ವರದಿ ನೋಡಿದರು. "ಖಾಲಿ ಏಕ ಓಳ ಲಿಹಾ," ಎಂದರು. ಕೆಳಗೆ ಒಂದು ಸಾಲು ಬರೀರಿ, ಬೇರೆ ಕೆಲವು ಔಷಧಿಗಳಿಂದಲೂ ಈ ಬಣ್ಣ ಬರಬಹುದು ಎಂದು. ಅದು ನನಗೆ ಗೊತ್ತಿರದ ಮಾತಲ್ಲ. ಮುಂಬಯಿಯಲ್ಲಿ ಹೇಳಿಕೊಟ್ಟಿದ್ದರು, ನನ್ನ ನೋಟ್‌ಬುಕ್ಕಿನಲ್ಲಿ ನನ್ನದೇ ಅಕ್ಷರದಲ್ಲಿ ಇತ್ತು. ಆದರೆ ಆ ಸಾಲು ಸೇರಿಸಿದರೆ ವರದಿ ಪೊಳ್ಳಾಗುತ್ತದೆ ಅನ್ನಿಸಿತು. ಇಷ್ಟು ಕಷ್ಟಪಟ್ಟು ಕಂಡುಹಿಡಿದು ಕೊನೆಗೆ 'ಇರಬಹುದು, ಇರಲಿಕ್ಕೂ ಇಲ್ಲ' ಎನ್ನುವುದೇ? ಸಾಹೇಬರು ಊಟಕ್ಕೆ ಹೋದಾಗ ಆ ಸಾಲು ಇಲ್ಲದ ವರದಿಯನ್ನೇ ಮಾಲಕನ ಕೈಗೆ ಕೊಟ್ಟೆ. ತಕರಾರಿನ ಮಾದರಿಯನ್ನು ಸ್ವಲ್ಪ ಉಳಿಸಿಡಬೇಕೆಂಬುದು ನಮ್ಮಲ್ಲಿಯ ನಿಯಮ. ಒಂದನೆಯದನ್ನೂ ಮೂರನೆಯದನ್ನೂ ಆಮ್ಲ ಹಾಕಿ ಒಣಗಿಸಿ, ಪುಟ್ಟ ಶೀಸೆಗಳಲ್ಲಿ ಮೇಣ ಹಚ್ಚಿ ಮುಚ್ಚಿ ಕಪಾಟಿನಲ್ಲಿ ಇಟ್ಟೆ.

ಇಂಗ್ಲಿಷಿನ ಕಾಗದವನ್ನು ಕೆಲಸಗಾರರು ನಂಬುವುದಿಲ್ಲ, ನೀವೇ ಬಂದು ಹೇಳಿ ಎಂದು ಮಾಲಕ ನನ್ನನ್ನು ಇಚಲಕರಂಜಿಗೆ ಕರೆದೊಯ್ದ. ಕಾಕಾನ ಮಾಲಕನನ್ನು ನಾನು ಮೊದಲು ಕಂಡಿರಲಿಲ್ಲ, ಅದು ಕಾಕಾನ ಶೆಡ್ಡು ಎಂಬುದು ಬಾಗಿಲಿಗೆ ಹೋದ ಮೇಲೆಯೇ ನನಗೆ ತಿಳಿದದ್ದು. ಒಳಗೆ ಎಲ್ಲ ಮಗ್ಗ ನಿಲ್ಲಿಸಿದ್ದರು. ನಿಂತ ಶೆಡ್ಡನ್ನು ನಾನು ಅಂದೇ ಮೊದಲು ನೋಡಿದ್ದು. ಜನ ಸಾಲಾಗಿ ನಿಂತಿದ್ದರು. ಮಾಲಕ ಒಂದು ಚೀಟಿ ನೋಡಿ, ಒಂದನೆಯ ಶೀಸೆ ಬೆರಳು ಹೋದವನದು, ಮೂರನೆಯದು ಜಾಬರನದು ಎಂದು ಓದಿದ. ನನ್ನ ಕಡೆ ತಿರುಗಿ, "ಸಾಂಗಾ ಸಾಹೇಬ, ಸಗಳ್ಯಾಂನಾ ಸಾಂಗಾ," ಎಲ್ಲರಿಗೂ ಹೇಳಿ, ಎಂದ.

ಜಾಬರ್ ಎಂದರೆ ನನ್ನ ಕಾಕಾ. ಆದರೂ ಹೇಳಿದೆ. ಒಂದರಲ್ಲೂ ಮೂರರಲ್ಲೂ ಹಸಿವಿನ ಗುಳಿಗೆ ಸಿಕ್ಕಿದೆ ಎಂದು ಹೇಳಿದೆ.

ಕಾಕಾ ಮುಂದೆ ಬಂದರು. ಒದರಲಿಲ್ಲ. ತಮ್ಮಾ ಎನ್ನಲಿಲ್ಲ. "ಸಾಹೇಬ್ರ, ಒಂದ ಮಾತ ಕೇಳ್ತೀನ್ರಿ. ಬ್ಯಾರೆ ಯಾವ ಗುಳಿಗಿ ತಿಂದ್ರೂ ಈ ಬಣ್ಣ ಬರಂಗಿಲ್ಲೇನ್ರಿ?"

ಬರುತ್ತದೆ ಎಂದಿದ್ದರೆ ಸಾಕಿತ್ತು. ಯಾವ ಗುಳಿಗೆ ಎಂದು ಹೇಳಬೇಕಾಗಿರಲಿಲ್ಲ, ಅವರೂ ಹೇಳಬೇಕಾಗಿರಲಿಲ್ಲ. ಬರುತ್ತದೆ ಎಂಬ ಒಂದು ಮಾತಿಗಾಗಿ ಅವರು ನನ್ನ ಮುಖ ನೋಡುತ್ತಿದ್ದರು. ಪಕ್ಕದಲ್ಲಿ ಮಾಲಕ ನಿಂತಿದ್ದ. ಅವನ ಕೈಯಲ್ಲಿ ಆ ಸಾಲಿಲ್ಲದ ನನ್ನ ವರದಿ ಇತ್ತು.

"ಬರಂಗಿಲ್ರಿ," ಎಂದೆ.

ಕಾಕಾ ತಲೆಯಾಡಿಸಿದರು. ಕಿವಿಯ ಹಿಂದಿನ ಹುಕ್ಕು ತೆಗೆದು, ಅಂಗಿಗೆ ಒರೆಸಿ, ಹತ್ತಿರದ ಮಗ್ಗದ ಮೇಲಿಟ್ಟು ಹೊರಗೆ ನಡೆದರು. ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ನಾನು ಎಣಿಸಿದ್ದಷ್ಟೇ ಅಲ್ಲ, ತಪ್ಪು ಎಣಿಸಿದ್ದೆ.

ಬೆರಳು ಕಳೆದುಕೊಂಡ ನೇಕಾರ ಗುಳಿಗೆಯನ್ನು ತಾನೇ ಕೊಲ್ಹಾಪುರದ ಒಂದು ಅಂಗಡಿಯಿಂದ ತಂದಿದ್ದನಂತೆ. ಆಸ್ಪತ್ರೆಯಿಂದ ಬಂದ ಮೇಲೆ ಹಾಗೆಂದು ಯಾರೋ ಒಬ್ಬಿಬ್ಬರ ಮುಂದೆ ಹೇಳಿದ್ದನಂತೆ. ಅಷ್ಟರಲ್ಲಿ ಕೇಳುವವರು ಯಾರೂ ಉಳಿದಿರಲಿಲ್ಲ. ಅವನ ಹೆಂಡತಿ ಚಾಳಿಗೆ ಬಂದು ಕಾಕಾನ ಬಾಗಿಲ ಮುಂದೆ ಮಣ್ಣು ತೂರಿ ಶಾಪ ಹಾಕಿ ಹೋಗಿಯಾಗಿತ್ತು. ಆಗ ಬಾಗಿಲಲ್ಲಿ ಇದ್ದವಳು ಮಗಳು. ಮುಂದೆ ಆಕೆಯ ಮದುವೆ ಹುಪರಿಯ ಒಂದು ಬೆಳ್ಳಿ ಕೆಲಸದ ಮನೆತನದಲ್ಲಿ ಆಯಿತೆಂದೂ, ಕಾಕಾ ಗಡಹಿಂಗ್ಲಜಕ್ಕೆ ಹೋಗಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದಾರೆಂದೂ ಕೇಳಿದೆ. ನನಗೆ ಲಗ್ನಪತ್ರಿಕೆ ಬರಲಿಲ್ಲ. ತಪ್ಪಿತಸ್ಥ ಮನುಷ್ಯ, ಅವನ ಮನೆಯ ಪತ್ರಿಕೆ ನನಗೇಕೆ ಎಂದುಕೊಂಡೆ. ಎಷ್ಟು ಸೊಕ್ಕಿತ್ತು ನೋಡಿ ನನಗೆ.

ಐದು ವರ್ಷ ಕಳೆದವು. ಪ್ರಯೋಗಶಾಲೆಗೆ ಹೊಸ ಪದ್ಧತಿಯೊಂದು ಬಂತು. ಗಾಜಿನ ಹಲಗೆಗೆ ಬಿಳಿ ಪುಡಿಯ ತೆಳುವಾದ ಲೇಪ ಬಳಿದು, ಬುಡದಲ್ಲಿ ಔಷಧಿಯ ಒಂದೊಂದು ಹನಿ ಇಟ್ಟು, ದ್ರಾವಣದಲ್ಲಿ ನಿಲ್ಲಿಸಿದರೆ ದ್ರಾವಣ ಮೇಲೇರುತ್ತ ಹನಿಗಳನ್ನೂ ಏರಿಸುತ್ತದೆ. ಒಂದೊಂದು ಔಷಧಿ ಒಂದೊಂದು ಎತ್ತರದಲ್ಲಿ ನಿಲ್ಲುತ್ತದೆ. ದೇಹ ಆ ಔಷಧಿಯನ್ನು ಮುರಿದು ಬದಲಿಸಿ ಹೊರಗೆ ಹಾಕಿದ ಚೂರುಗಳಿಗೂ ಅವುಗಳದೇ ಎತ್ತರ. ಹಳದಿ ಬಣ್ಣಕ್ಕೆ ಎಲ್ಲರೂ ಒಂದೇ, ಈ ಹಲಗೆಗೆ ಹಾಗಲ್ಲ. ಕೈ ಪಳಗಲಿ ಎಂದು ಕಪಾಟಿನಲ್ಲಿದ್ದ ಗುಳಿಗೆಗಳನ್ನೆಲ್ಲ ಏರಿಸಿ ನೋಡುತ್ತಿದ್ದೆ. ಕೊನೆಗೆ ಮೇಣದ ಮುಚ್ಚಳದ ಆ ಎರಡು ಶೀಸೆಗಳು ಕೈಗೆ ಬಂದವು.

ಒಂದನೆಯದು ಹಸಿವಿನ ಗುಳಿಗೆಯ ಪಕ್ಕದಲ್ಲೇ ಹೋಗಿ ನಿಂತಿತು. ಮೂರನೆಯದು ಅಷ್ಟು ಮೇಲೆ ಏರಲೇ ಇಲ್ಲ, ಕೆಳಗೇ ನಿಂತಿತು. ಅದರ ಪಕ್ಕ, ಅದೇ ಎತ್ತರದಲ್ಲಿ ನಿಂತಿದ್ದದ್ದು ದಮ್ಮಿನ, ಅಂದರೆ ಉಬ್ಬಸದ, ರೋಗಿಗಳಿಗೆ ಕೊಡುವ, ಯಾವ ಅಂಗಡಿಯಲ್ಲೂ ಸಿಗುವ ಬಡ ಗುಳಿಗೆ.

ಮೂರು ಸಲ ಮಾಡಿದೆ. ಮೂರು ಸಲವೂ ಹಾಗೇ. ಆಗ ಹೊಸ್ತಿಲ ಮೇಲೆ ಮೊಣಕಾಲಿಗೆ ಕೈಯೂರಿ, ಬಾಯಿ ತೆರೆದು ಕೂತ ಕಾಕಾ ಕಣ್ಣ ಮುಂದೆ ಬಂದರು. ಆ ಗುಳಿಗೆಯಿಂದ ಕೈ ನಡುಗುತ್ತದೆ, ನಿದ್ದೆ ಹಾರುತ್ತದೆ ಎಂದೂ ನಾನು ಓದಿದ್ದವನೇ.

ಮರು ರವಿವಾರ ಗಡಹಿಂಗ್ಲಜದ ಬಸ್ಸು ಹಿಡಿದೆ. ಪೇಟೆಯ ತುದಿಯಲ್ಲಿ ಸಣ್ಣ ಅಂಗಡಿ, ಬಿಚ್ಚಿಟ್ಟ ಹೊಲಿಗೆ ಯಂತ್ರಗಳ ನಡುವೆ ಕಾಕಾ. ಇಳಿದಿದ್ದರು, ಗಂಟಲು ಮಾತ್ರ ಇಳಿದಿರಲಿಲ್ಲ.

"ಬಾರೋ ಬಣ್ಣದ ಸಾಹೇಬಾ! ಹೊಟ್ಟಿ ಬಂದೈತಲ್ಲೋ ನಿನಗ. ಉಪಾಸ ಗುಳಿಗಿ ಬೇಕಾಗಿದ್ದು ನಿನಗ ನೋಡ!"

ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಬಿಟ್ಟ ಸಾಲನ್ನೂ ಹೇಳಿದೆ. ಅವರು ಯಂತ್ರಕ್ಕೆ ಎಣ್ಣೆ ಬಿಡುತ್ತ ಕೇಳಿದರು.

"ನಾ ತಿಂದದ್ದು ನನಗ ಗೊತ್ತಿರಂಗಿಲ್ಲೇನೋ? ಅದನ್ನ ನೋಡಾಕ ನಿನಗ ಐದ ವರ್ಷಾ, ಒಂದ ಗಾಜು ಬೇಕಾತು."

"ಅವತ್ತ ಯಾಕ ಹೇಳಲಿಲ್ರಿ ಕಾಕಾ, ದಮ್ಮಿನ ಗುಳಿಗಿ ಅಂತ?"

"ಹೇಳಿದ್ರ ದಮ್ಮು ಅಂತಿದ್ರೇನು? ಟೀಬಿ ಅಂತಿದ್ರು. ಮುಂದಿನ ಸೋಮಾರ ಹುಪರಿಯವರು ನಿಶ್ಚಯಕ್ಕ ಬರಾವ್ರಿದ್ರು. ಅಪ್ಪನ ಚಟಕ್ಕ ಮಗಳ ಮದಿವಿ ಮುರಿಯಂಗಿಲ್ಲೋ ತಮ್ಮಾ, ರೋಗಕ್ಕ ಮುರೀತೈತಿ."

"ಮತ್ತ ನನ್ನ ಯಾಕ ಹಂಗ ಕೇಳಿದ್ರಿ?"

ಯಂತ್ರದ ಚಕ್ರವನ್ನು ಎರಡು ಸುತ್ತು ತಿರುಗಿಸಿದರು. "ನೀ ಹೌದ ಅಂತೀ ಅಂದ್ಕೊಂಡಿದ್ದೆ," ಎಂದರು. ಈ ಮಾತನ್ನೂ ಒದರದೆ ಹೇಳಿದರು.

ಮಾಲಕನಿಗೆ ಬರೆಯುತ್ತೇನೆ, ಹುಪರಿಗೆ ಹೋಗಿ ಮಗಳಿಗೆ ಹೇಳುತ್ತೇನೆ ಎಂದೆ. ಕಾಕಾ ಒಪ್ಪಲಿಲ್ಲ. "ಆಕಿಗೂ ಈಗ ಒಂದ ಹೆಣ್ಣಕೂಸ ಐತಿ. ಅಜ್ಜಗ ಎದಿ ರೋಗ ಅಂದ್ರ ನಾಳೆ ಅದನ್ನ ಯಾರ ತಗೋತಾರ? ನಮ್ಮಪ್ಪ ಚಟದಾಂವ ಅಂತ ತಿಳಕೊಂಡಾಳ, ತಿಳಕೊಳ್ಳಲಿ ಬಿಡು," ಎಂದು ಅಂಗೈ ಕೆಳಗೆ ಮಾಡಿ ಗಾಳಿ ಒತ್ತಿದರು. ಮಗ್ಗ ನಿಲ್ಲಿಸು.

ನಾನು ನಿಲ್ಲಿಸಿದೆ. ನಿಜ ಹೇಳುತ್ತೇನೆ, ನಿಲ್ಲಿಸು ಎಂದದ್ದೇ ನನಗೆ ಹಿತವಾಯಿತು. ಇನ್ನೊಂದು ಸಲ ಒತ್ತಾಯಿಸಲಿಲ್ಲ. ಅವರು ತರಿಸಿದ ಚಹಾ ಕುಡಿದೆ, ಕಾಲು ಮುಟ್ಟಿ ನಮಸ್ಕಾರ ಮಾಡಿದೆ, ಹಗುರಾಗಿ ಹೊರಟೆ. ಬಸ್ಸಿನಲ್ಲಿ ಕೊಲ್ಹಾಪುರದವರೆಗೂ ಒಳ್ಳೆಯ ನಿದ್ದೆ ಬಂತು. ಆ ನಿದ್ದೆ ನೆನಪಾದರೆ ಈಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಹೋದ ತಿಂಗಳು ಕಾಕಾ ತೀರಿಕೊಂಡ ಸುದ್ದಿ ಊರಿನಿಂದ ಬಂತು. ಮಣ್ಣು ಕೊಟ್ಟು ಬಂದು ಅಂಗಳದಲ್ಲಿ ನಿಂತಿದ್ದೆ. ಗೋಣಿ ಹೊದಿಸಿದ ಹೊಲಿಗೆ ಯಂತ್ರಗಳ ಪಕ್ಕದಿಂದ ಮಗಳು ಬಂದಳು. ಮದುವೆಗೆ ಮೊದಲು ನೋಡಿದ್ದವಳು, ಆದರೂ ಗುರುತು ಸಿಕ್ಕಿತು.

"ಅಣ್ಣಾರ, ಒಂದ ಮಾತ ಕೇಳ್ತೀನ್ರಿ," ಎಂದಳು. ಅಪ್ಪನದೇ ಮಾತು. "ಡಾಕ್ಟರು ದಮ್ಮಿನಿಂದ ಹ್ವಾದ ಅಂದ್ರು. ಭಾಳ ವರ್ಷದ್ದಂತ. ದಮ್ಮಿಗೂ ಗುಳಿಗಿ ಇರತಾವೇನ್ರಿ?"

"ಇರತಾವವ್ವಾ."

"ಅಪ್ಪನ ಕಿಸೆದಾಗ ಇರತಿದ್ದೂ ಅವ ಏನ್ರಿ? ನೀವ ತಪಾಸ ಮಾಡಿದಾವ್ರು, ನಿಮಗ ಗೊತ್ತಿರತೈತಿ."

ಈ ಸಲ ಹೌದು ಎಂದೆ. ಹಳದಿ ಬಣ್ಣ, ಗಾಜಿನ ಹಲಗೆ, ನಾನು ಬರೆಯದೆ ಬಿಟ್ಟ ಸಾಲು, ಎಲ್ಲ ಹೇಳಿದೆ. ಆಕೆ ಅಳಲಿಲ್ಲ. ನೆಲ ನೋಡುತ್ತ ಕೇಳಿದಳು, ಆಮೇಲೆ ತಾನು ಹೇಳಿದಳು.

"ಹ್ವಾದ ವರ್ಷ ಪಂಚಮಿಗೆ ಅಪ್ಪ ನನ್ನ ಕರಿಯಾಕ ಬಂದಿದ್ದಾ. ನಾ ಬರಂಗಿಲ್ಲ ಅಂದೆ. ನನ್ನ ಕೂಸು ಅವನ ಕಿಸೆದಾಗ ಕೈ ಹಾಕಿ ಗುಳಿಗಿ ತಗೀತು. ನಾ ಕಸಗೊಂಡು ಗಟಾರಕ್ಕ ಒಗದೆ. ಅಪ್ಪ ಏನೂ ಅನಲಿಲ್ಲ. ಮಧ್ಯಾಹ್ನಕ್ಕ ಕುಂತಲ್ಲೇ ಬೆವತು ಉಬ್ಬಸ ಬಿಡಾಕತ್ತಾ. ಬಸ್ಸಿನ ತನಕ ನಾಕ ಕಡೆ ಕುಂತ ಕುಂತ ಹ್ವಾದಾ. ನಾ ಬಾಗಲದಾಗ ನಿಂತ ನೋಡಿದೆ. ಗುಳಿಗಿ ಸಿಗದ ಚಟದ ತಲಬು, ಅನುಭೋಗಸಲಿ ಅಂದ್ಕೊಂಡೆ."

ಆಕೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

"ನಿಮಗ ಇದ ಯಾವಾಗ ತಿಳೀತ್ರಿ ಅಣ್ಣಾರ?"

"ಎರಡ ವರ್ಷಾತವ್ವಾ."

ಆಕೆ ಬೆರಳು ಮಡಚಿ ಎಣಿಸಿದಳು. "ಹಂಗಾರ ಆ ಪಂಚಮಿಗಿಂತ ಮೊದಲ," ಎಂದಳು.

"ಕಾಕಾನೇ ಹೇಳಬ್ಯಾಡ ಅಂದ್ರವ್ವಾ, ನಿನ್ನ ಕೂಸಿನ ಸಲವಾಗಿ..." ಎಂದು ಶುರು ಮಾಡಿದೆ.

ಆಕೆ ಮುಖ ಎತ್ತಲಿಲ್ಲ. ಬಲಗೈಯನ್ನು ಮುಂದೆ ಚಾಚಿ, ಅಂಗೈಯನ್ನು ನೆಲದ ಕಡೆಗೆ ಮಾಡಿ, ಗಾಳಿಯನ್ನು ಮೆಲ್ಲಗೆ ಒತ್ತಿದಳು. ನಾನು ಅಲ್ಲಿಗೇ ನಿಲ್ಲಿಸಿದೆ.